ತೂಕದ ಚೀಟಿಗೊಂದು ತಕರಾರು

ಇತ್ತೀಚೆಗೆ ನಮ್ಮ ಸಂಘದ ಸಭಾಗೃಹದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಸದಸ್ಯರಿಗೆಲ್ಲ ಒಂದೊಂದು ಚೀಟಿ ಕೊಟ್ಟರು. ಎತ್ತರ, ತೂಕ, ಅದರ ಕೆಳಗೆ ‘ಲೀನ್ ಬಾಡಿ ಮಾಸ್’, ಅಂದರೆ ಕೊಬ್ಬು ಕಳೆದು ಉಳಿಯುವ ದೇಹದ ತೂಕ. ನನ್ನದು 53.3 ಕಿಲೋ ಎಂದಿತ್ತು. ದಶಮಾಂಶದ ತನಕ ಹೇಳಿದ್ದಾರಲ್ಲ ಎಂದು ಎಲ್ಲರಿಗೂ ಸಂತೋಷ. ನಾನು ಬಿ.ಎಸ್ಸಿ. ಮಾಡಿ ಗುಮಾಸ್ತನಾದವನು. ಅಂಕಿ ಕಂಡರೆ ಅದು ಯಾವ ಕಡತದಿಂದ ಬಂತೆಂದು ಕೇಳುವ ಚಾಳಿ ಬಿಟ್ಟಿಲ್ಲ. ಕೇಳಿದೆ.

ಯಾವ ಯಂತ್ರವೂ ನನ್ನ ಮೈಯನ್ನು ಅಳೆದಿರಲಿಲ್ಲ! ಬೋಯರ್ ಎಂಬವರು 1984ರಲ್ಲಿ ಪ್ರಕಟಿಸಿದ ಸೂತ್ರವೊಂದಿದೆ. ಗಂಡಸರಿಗೆ ತೂಕವನ್ನು 0.407ರಿಂದಲೂ ಸೆಂಟಿಮೀಟರ್ ಎತ್ತರವನ್ನು 0.267ರಿಂದಲೂ ಗುಣಿಸಿ, ಕೂಡಿಸಿ, 19.2 ಕಳೆಯಬೇಕು. 70 ಕಿಲೋ ತೂಗುವ, 165 ಸೆಂ.ಮೀ. ಎತ್ತರದ ಯಾವ ಗಂಡಸಿಗಾದರೂ ಉತ್ತರ 53.3. ವರ್ಷಗಟ್ಟಲೆ ಕುರ್ಚಿ ಸವೆಸಿದ ನನಗೂ ಅಷ್ಟೇ, ಮಸ್ಜಿದ್ ಬಂದರಿನಲ್ಲಿ ಮೂಟೆ ಹೊರುವ ಮಾಥಾಡಿಗೂ ಅಷ್ಟೇ. ಇದನ್ನು ನಂಬಬೇಕೆ?

ಸೂತ್ರವನ್ನು ನಾನು ಹಳಿಯುತ್ತಿಲ್ಲ. ಔಷಧದ ಪ್ರಮಾಣ ನಿಗದಿ ಮಾಡುವಂಥ ಕೆಲಸಕ್ಕೆ ವೈದ್ಯರಿಗೆ ಒಂದು ಅಂದಾಜು ಬೇಕು, ಅಲ್ಲಿ ಇಂಥವು ನಡೆಯುತ್ತವೆ. 1976ರ ಜೇಮ್ಸ್ ಸೂತ್ರವೂ ನನಗೆ 54 ಎನ್ನುತ್ತದೆ, ಹೆಚ್ಚು ಜಗಳವಿಲ್ಲ. (ಅದೇ ಜೇಮ್ಸ್ ಸೂತ್ರದಲ್ಲಿ ನನ್ನ ಎತ್ತರದವನು 117 ಕಿಲೋ ದಾಟಿದರೆ ಕೊಬ್ಬುರಹಿತ ತೂಕ ಇಳಿಯತೊಡಗಿ 234ಕ್ಕೆ ಸೊನ್ನೆಯಾಗುತ್ತದೆ. ಆಮೇಲೆ ಎಲುಬೂ ಇರದು!) ನನ್ನ ಜಗಳವಿರುವುದು ಈ ಅಂಕಿಯನ್ನು ಗುರಿಯಾಗಿ ಹಿಡಿಸುವವರ ಮೇಲೆ.

ತೂಕ ಇಳಿಸಿದವನ ಎತ್ತರ ಅದರಿಂದ ಬದಲಾಗದು. ಬದಲಾಗುವುದು ತೂಕ ಒಂದೇ. ಆದ್ದರಿಂದ ಒಂದು ಕಿಲೋ ಇಳಿದರೆ ಅದರಲ್ಲಿ 407 ಗ್ರಾಂ ಕೊಬ್ಬಲ್ಲದ್ದು ಎಂದು ಸೂತ್ರ ಹೇಳಿಯೇ ತೀರುತ್ತದೆ. ಉಪವಾಸ ಬಿದ್ದು ಇಳಿಸಿದರೂ ಅಷ್ಟೇ, ಡಂಬೆಲ್ಸ್ ಎತ್ತಿ ಇಳಿಸಿದರೂ ಅಷ್ಟೇ. ಸ್ನಾಯು ಉಳಿಯಿತೋ ಕರಗಿತೋ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ತೂಕದ ಕಾಟಾಕ್ಕೆ ಕೋಟು ತೊಡಿಸಿದ್ದಾರೆ, ಇನ್ನೇನಿಲ್ಲ.

ನಮ್ಮ ಹಿರಿಯ ಸದಸ್ಯರೊಬ್ಬರು ರಾತ್ರಿಯೂಟ ಬಿಟ್ಟು ಆರು ಕಿಲೋ ಇಳಿಸಿದರು. ಕೊಬ್ಬು ಮೂರೂವರೆ ಕಿಲೋ ಹೋಯಿತೆಂದು ಚೀಟಿ ಸಾರಿತು, ಚಪ್ಪಾಳೆಯೂ ಬಿತ್ತು. ಈಗ ಅವರು ಸ್ಟೇಷನ್ನಿನ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತುತ್ತಾರೆ. ಚೀಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಇನ್ನು ಗುರಿಯ ಲೆಕ್ಕ. ಕೊಬ್ಬು ಶೇಕಡಾ 18 ಇರಬೇಕೆಂದಾದರೆ 53ನ್ನು 0.82ರಿಂದ ಭಾಗಿಸು, 64.6 ಕಿಲೋ ನಿನ್ನ ಗುರಿ ಎಂದರು. ನನ್ನ ನಿಜವಾದ ಅಂಕಿ 49 ಆಗಿದ್ದರೆ? ಗುರಿ 59.8ಕ್ಕೆ ಇಳಿಯುತ್ತದೆ, ಸುಮಾರು ಐದು ಕಿಲೋ ಅಂತರ. ನಮ್ಮವರಿಗೆ ಇದು ಬರೀ ಕುತರ್ಕವಲ್ಲ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಯುಡ್ಕಿನ್ ‘ಲಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ಬಿ.ಎಂ.ಐ. 22.3. ಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇಕಡಾ 9.1, ನಮ್ಮ ಯಾಜ್ಞಿಕರಿಗೆ 21.2! ಕಾಟಾದ ಮೇಲೆ ಸಪೂರ, ಒಳಗೆ ಕೊಬ್ಬು: ಇದು ನಮ್ಮಲ್ಲಿ ಅನೇಕರ ಸ್ಥಿತಿ.

ಹಾಗಾದರೆ ಯಂತ್ರವನ್ನೇ ತರಿಸೋಣ ಎಂದು ಕಾರ್ಯಕಾರಿ ಸಮಿತಿಯವರು ಹೊರಡಬಾರದು. ಪಾದದಡಿ ಸಣ್ಣ ವಿದ್ಯುತ್ತು ಹರಿಸುವ ಆ ಕಾಟಾಗಳು ನೇರವಾಗಿ ಅಳೆಯುವುದು ದೇಹ ಒಡ್ಡುವ ವಿದ್ಯುತ್ ತಡೆಯನ್ನು. ಅದರಿಂದ ನೀರನ್ನೂ, ನೀರಿನಿಂದ ಉಳಿದದ್ದನ್ನೂ ಊಹಿಸುತ್ತವೆ. ಊಟ, ನೀರು, ಬೆವರು, ಇವಿಷ್ಟಕ್ಕೇ ಅಂಕಿ ಅಲುಗಾಡುತ್ತದೆ.

ಮುಂದಿನ ಶಿಬಿರದಲ್ಲಿ ಆ ಕಾಲಂ ಹೊಡೆದುಹಾಕಿ ಸೊಂಟದ ಸುತ್ತಳತೆ ಬರೆಯಲಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೇರೆ. ಜೊತೆಗೆ, ಕೈಯೂರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂಬುದನ್ನೂ ಎಣಿಸಲಿ. ಕುರ್ಚಿಗಳು ಸಭಾಗೃಹದಲ್ಲಿ ಬೇಕಾದಷ್ಟಿವೆ. ದರ್ಜಿಯ ಟೇಪನ್ನು ನಾನೇ ಮನೆಯಿಂದ ತರುತ್ತೇನೆ.