ಬಡವರ ಹೆಸರು ಹೇಳಿ ಕಾದಂಬರಿಯನ್ನು ಯಂತ್ರಕ್ಕೆ ಒಪ್ಪಿಸಬೇಡಿ

ಮೂವತ್ತು ದಿನದಲ್ಲಿ 50,000 ಪದಗಳ ಕಾದಂಬರಿ ಬರೆದು ಮುಗಿಸುವ ಪಂಥವನ್ನು 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ ಕ್ರಿಸ್ ಬೇಟಿ ಎಂಬಾತ 21 ಜನರ ಗುಂಪಿನೊಂದಿಗೆ ಶುರು ಮಾಡಿದ. ಮರುವರ್ಷದಿಂದ ನವೆಂಬರ್ ಅದರ ತಿಂಗಳಾಯಿತು. ಲಕ್ಷಗಟ್ಟಲೆ ಜನ ಬರೆಯಲು ಕೂತರು. ಈ ಪಂಥ ನಡೆಸುತ್ತಿದ್ದ ‘ನ್ಯಾನೊರೈಮೊ’ ಸಂಸ್ಥೆ 2025ರ ಮಾರ್ಚ್ ಕೊನೆಗೆ ಬಾಗಿಲು ಮುಚ್ಚುವುದಾಗಿ ಸಾರಿತು. ಮುಚ್ಚುವ ಮೊದಲೇ ಅದು ತನ್ನ ಮಾನ ಕಳೆದುಕೊಂಡಿತ್ತು. 2024ರ ಸೆಪ್ಟೆಂಬರಿನಲ್ಲಿ ಅದು ಆಡಿದ ಮಾತು ಇದು: ಕೃತಕ ಬುದ್ಧಿಮತ್ತೆಯಿಂದ ಬರೆಯುವುದನ್ನು ಸಾರಾಸಗಟಾಗಿ ಖಂಡಿಸುವವರಲ್ಲಿ ಬಡವರ ಬಗ್ಗೆ, ಅಂಗವಿಕಲರ ಬಗ್ಗೆ ತಾತ್ಸಾರವಿದೆ. ದುಡ್ಡು ಕೊಟ್ಟು ನೆರವು ಪಡೆಯಲಾಗದವರಿಗೆ ಯಂತ್ರವೇ ಆಸರೆ ಎಂಬುದು ಆ ವಾದದ ತಿರುಳು. ಸಂಸ್ಥೆಯ ಮಂಡಳಿಯಲ್ಲಿದ್ದ ಲೇಖಕ ಡೇನಿಯಲ್ ಹೋಸೆ ಓಲ್ಡರ್ ರಾಜೀನಾಮೆ ಕೊಟ್ಟು ಹೊರಬಂದರು.

ಯಾದಗಿರಿ ತಾಲೂಕಿನ ಬಳಿಚಕ್ರದಲ್ಲಿ ನಿಂತು ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನಮ್ಮದು 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆ, ನೂರಕ್ಕೆ 51.83. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರ ಜಿಲ್ಲೆ. ಬಡವರೆಂದು ಯಾರಿಗಾಗಿ ಆ ಸಂಸ್ಥೆ ಮರುಗಿತೋ ಅವರು ನಾವೇ. ನಮ್ಮ ಪರವಾಗಿ ವಾದಿಸಿ ಎಂದು ನಾವು ಕೇಳಿರಲಿಲ್ಲ. ಬಡವರಿಗೆ ಕೊರತೆಯಿರುವುದು ಬಿಡುವಿನದು, ಕೂರುವ ಜಾಗದ್ದು, ಓದುವವರದು. ಹೇಳುವ ಕಥೆಗೆ ಇಲ್ಲಿ ಎಂದೂ ಬರ ಬಿದ್ದಿಲ್ಲ. ಇರುವುದೊಂದನ್ನು ಕಿತ್ತುಕೊಂಡು ಇಲ್ಲದ್ದನ್ನು ಕೊಡದ ಉಪಕಾರ ಯಾರಿಗೆ ಬೇಕು?

ಇನ್ನೊಂದು ಸಂಗತಿಯಿದೆ. ಯಂತ್ರಕ್ಕೆ ಗೊತ್ತಿರುವುದು ಈಗಾಗಲೇ ಬರೆದಿಟ್ಟದ್ದು ಮಾತ್ರ. ಬಳಿಚಕ್ರದ ಹೆಣ್ಣುಮಗಳೊಬ್ಬಳು ಹತ್ತಿ ಬಿಡಿಸುವಾಗ ಪಕ್ಕದ ಸಾಲಿನವಳೊಂದಿಗೆ ಏನು ಮಾತಾಡುತ್ತಾಳೆ, ಗುಳೆ ಹೊರಡುವ ಹಿಂದಿನ ರಾತ್ರಿ ಮುದುಕರನ್ನೂ ಸಾಲಿಗೆ ಹೋಗುವ ಮಕ್ಕಳನ್ನೂ ಯಾರ ಮನೆಯಲ್ಲಿ ಬಿಡುವುದೆಂದು ಜಗಳ ಹೇಗೆ ಹುಟ್ಟುತ್ತದೆ, ಮುಕಾದಮ ಮುಂಗಡ ಕೊಟ್ಟು ಹೋದ ಮೇಲೆ ಗಂಡ ಹೆಂಡತಿ ಏನನ್ನು ಒಬ್ಬರಿಗೊಬ್ಬರು ಹೇಳದೆ ಮುಚ್ಚಿಡುತ್ತಾರೆ, ಇದೆಲ್ಲ ಎಷ್ಟು ಪುಸ್ತಕಗಳಲ್ಲಿ ಇದೆ? ಬರೆಯದ ಊರಿನ ಬಗ್ಗೆ ಯಂತ್ರವನ್ನು ಕೇಳಿದರೆ ಅದು ಬೇರೆ ಯಾವುದೋ ಊರಿನ ಬಡತನವನ್ನು ತಂದು, ಪಠ್ಯಪುಸ್ತಕದ ಕನ್ನಡದಲ್ಲಿ ನೀಟಾಗಿ ಹೊಲಿದು ಕೊಡುತ್ತದೆ. ‘ಹೋಗ್ಯಾನ, ಬಂದಾಳ’ ಎನ್ನುವ ಬಾಯಿಗೆ ‘ಹೋಗಿದ್ದಾನೆ, ಬಂದಿದ್ದಾಳೆ’ ತುರುಕುತ್ತದೆ. ಹೆಚ್ಚು ಬರೆಸಿಕೊಂಡ ಸೀಮೆಯವರು ಯಂತ್ರ ಬಳಸಿದರೆ ಅವರದೇ ಮಾತು ಅಷ್ಟಿಷ್ಟಾದರೂ ಮರಳಿ ಬಂದೀತು. ನಮ್ಮ ಕೈಗೆ ಬರುವುದು ಪರರ ಮಾತು.

ಬರೆಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ದೂರವೇನಿಲ್ಲ, ಸುರಪುರದಲ್ಲಿದೆ. 1840ರ ದಶಕದಲ್ಲಿ ಅಲ್ಲಿಗೆ ಅಧಿಕಾರಿಯಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ ಕಾದಂಬರಿಕಾರ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಆತ ಬರೆದ ಕಾದಂಬರಿ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರಾಗಿತ್ತು. ಬಾಲಕ ರಾಜಾ ವೆಂಕಟಪ್ಪ ನಾಯಕನ ದಿನಗಳು, 1858ರ ಬಂಡಾಯದ ದುರಂತ, ಇವು ಹೊರಜಗತ್ತಿಗೆ ಹೆಚ್ಚಾಗಿ ತಿಳಿದದ್ದು 1877ರಲ್ಲಿ ಪ್ರಕಟವಾದ ಆತನ ಆತ್ಮಕಥೆಯಿಂದ. ಟೇಲರ್ ನಾಯಕನನ್ನು ಪ್ರೀತಿಸಿದ, ಊರನ್ನೂ ಪ್ರೀತಿಸಿದ, ಅದನ್ನು ಅಲ್ಲಗಳೆಯಲಾರೆ. ಆದರೆ ಆತನಿಗೆ ಗುಡ್ಡದ ಮೇಲೆ ಬಂಗಲೆಯಿತ್ತು, ಸಂಬಳವಿತ್ತು, ಲಂಡನ್ನಿನಲ್ಲಿ ಪ್ರಕಾಶಕರಿದ್ದರು. ಆ ಬಂಗಲೆ ಇಂದಿಗೂ ನಿಂತಿದೆ. ಅಲ್ಲಿ ನೀರು ಹೊತ್ತವರು, ಕುದುರೆ ತಿಕ್ಕಿದವರು ಅದೇ ವರ್ಷಗಳನ್ನು ಹೇಗೆ ಕಂಡರು ಎಂದು ಹೇಳುವ ಒಂದು ಹಾಳೆಯೂ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ತಿಂಗಳ ಪಂಥವನ್ನೇ ಬಿಟ್ಟುಬಿಡೋಣವೇ? ಕನ್ನಡದ ಹಿರಿಯರಲ್ಲಿ ಹಲವರು ಹಾಗೇ ಅನ್ನುತ್ತಾರೆ. ಕಾದಂಬರಿ ತಪಸ್ಸು, ಅವಸರ ಸಲ್ಲದು ಎನ್ನುತ್ತಾರೆ. ಕುವೆಂಪು ಅವರ ಉದಾಹರಣೆ ಕೊಡುತ್ತಾರೆ: ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಬಂತು, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ನಡುವೆ 31 ವರ್ಷ. ಅದು ದೊಡ್ಡ ಮಾತು, ಒಪ್ಪಿದೆ. ಆದರೆ ಕನ್ನಡ ಕಾದಂಬರಿ ಅದೊಂದೇ ದಾರಿಯಲ್ಲಿ ನಡೆದಿಲ್ಲ. ಕಾರಂತರು ಎಷ್ಟೋ ಕಾದಂಬರಿಗಳನ್ನು ದಿನಗಳ ಲೆಕ್ಕದಲ್ಲಿ ಬರೆದು ಎತ್ತಿಟ್ಟವರು. ಲೇಖನಿಯನ್ನೇ ನಂಬಿ ಬದುಕಿದ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ‘ಅವಸರದ ಬರಹ’ ಎಂಬ ಬೈಗುಳವನ್ನೂ ಹೊತ್ತರು. ಕನ್ನಡಕ್ಕೆ ಓದುವ ಚಟ ಹತ್ತಿಸಿದವರಲ್ಲಿ ಅವರೇ ಮುಂದು. ತ್ರಿವೇಣಿಯವರ ‘ಅಪಸ್ವರ’ 1953ರಲ್ಲಿ ಬಂತು, ಅವರು ತೀರಿಕೊಂಡದ್ದು 1963ರಲ್ಲಿ. ಆ ಹತ್ತು ವರ್ಷದೊಳಗೆ ಅವರು ಬರೆದ ಕಾದಂಬರಿಗಳು ಇಪ್ಪತ್ತರ ಆಸುಪಾಸು. ನಮ್ಮ ಕಲಬುರಗಿಯ ಗೀತಾ ನಾಗಭೂಷಣ ನೌಕರಿ ಮಾಡುತ್ತ, ಬಡತನದ ಬೆನ್ನಿಗೇ ಒಂದರ ಹಿಂದೊಂದು ಬರೆದರು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಧಾನವೇ ಕಾದಂಬರಿಯ ಧರ್ಮವೆಂದು ಹಟ ಹಿಡಿದಿದ್ದರೆ ಇವರಲ್ಲಿ ಎಷ್ಟು ಜನ ನಮಗೆ ಸಿಗುತ್ತಿದ್ದರು?

ಹೊರದೇಶಗಳಲ್ಲೂ ಇದೇ ಕಥೆ. ಫಾಕ್ನರ್ 1929ರಲ್ಲಿ ಪವರ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡುತ್ತಲೇ ಸುಮಾರು ಆರು ವಾರದಲ್ಲಿ ಒಂದು ಕಾದಂಬರಿ ಬರೆದ. ದಾಸ್ತೋವ್‌ಸ್ಕಿ 1866ರ ಅಕ್ಟೋಬರಿನಲ್ಲಿ ಪ್ರಕಾಶಕನ ಕರಾರಿಗೆ ಸಿಕ್ಕಿಬಿದ್ದು 26 ದಿನದಲ್ಲಿ ‘ಜೂಜುಕೋರ’ ಮುಗಿಸಿದ. ಆತ ಹೇಳುತ್ತ ಹೋದ, ಶೀಘ್ರಲಿಪಿ ಬಲ್ಲ ಅನ್ನಾ ಬರೆದುಕೊಂಡಳು. ಯಂತ್ರದ ವಾದಕ್ಕೆ ಉತ್ತರ ಇಲ್ಲೇ ಇದೆ. ಕಣ್ಣಿಲ್ಲದವರು, ಕೈ ಸ್ವಾಧೀನವಿಲ್ಲದವರು, ಅಕ್ಷರ ಬಾರದ ಅಜ್ಜಿ ಬಾಯಲ್ಲಿ ಹೇಳಿ ಮೊಬೈಲಿನಲ್ಲಿ ಬರೆಸಿಕೊಳ್ಳಲಿ, ಅದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅನ್ನಾ ಮಾಡಿದ್ದೂ ಅದನ್ನೇ. ಬರೆದುಕೊಳ್ಳುವ ಕೈ ಯಾರದ್ದಾದರೂ ಆಗಬಹುದು, ಮಾತು ಮಾತ್ರ ಹೇಳುವವರದೇ ಆಗಿರಬೇಕು.

ದಿನವಿಡೀ ದುಡಿಯುವವರಿಗೆ ‘ನಿಧಾನವಾಗಿ ಬರಿ’ ಎಂದರೆ ‘ಬರಿಯಬೇಡ’ ಎಂದೇ ಅರ್ಥ. ವರ್ಷವಿಡೀ ಬಿಡುವು ಮಾಡಿಕೊಳ್ಳುವುದು ಅವರಿಂದಾಗದು. ಒಂದು ತಿಂಗಳು, ಊಟವಾದ ಮೇಲೆ ಒಂದೆರಡು ತಾಸು, ಇಷ್ಟನ್ನು ಮನೆಯವರೂ ಒಪ್ಪಿಯಾರು. ತಿಂಗಳ ಕೊನೆಗೆ ಕೈಗೆ ಬರುವುದು ಕರಡು ಮಾತ್ರ. ಅದನ್ನು ಮರುದಿನವೇ ಮುದ್ರಣಕ್ಕೆ ಕೊಡುವುದು ತಪ್ಪು. ಹಿರಿಯರು ಹೇಳುವ ನಿಧಾನ ಬೇಕಾಗುವುದು ಅಲ್ಲಿಂದ ಮುಂದೆ. ಅಮೆರಿಕದ 50,000 ಪದಗಳ ಲೆಕ್ಕವೂ ನಮಗೆ ಹೊಂದದು. ಇಂಗ್ಲಿಷಿನಲ್ಲಿ ನಾಲ್ಕು ಪದ ಬೇಡುವುದನ್ನು ಕನ್ನಡ ಒಂದೇ ಪದದಲ್ಲಿ ಮುಗಿಸುತ್ತದೆ. ದಿನಕ್ಕೆ ಸಾವಿರ ಪದದಂತೆ 30,000 ಸಾಕು, ತುಂಬು ಕಾದಂಬರಿಯಾಗುತ್ತದೆ.

ನವೆಂಬರೂ ನಮ್ಮ ತಿಂಗಳಲ್ಲ. ನಗರಗಳಲ್ಲಿ ರಾಜ್ಯೋತ್ಸವದ ಭಾಷಣ ನಡೆಯುವಾಗ ಇಲ್ಲಿ ಹತ್ತಿ ಒಡೆದಿರುತ್ತದೆ, ತೊಗರಿ ಹೂ ಕಾಯಿ ಹಿಡಿದಿರುತ್ತದೆ, ಒಂದು ಜೋಡಿ ಕೈಯೂ ಖಾಲಿ ಇರುವುದಿಲ್ಲ. ಮೇ ತಿಂಗಳು ನಮಗೆ ಸರಿ. ಬಿಸಿಲು ನಲವತ್ತು ಡಿಗ್ರಿ ದಾಟಿದರೂ ಹೊಲದ ಕೆಲಸ ಕಡಿಮೆ, ಶಾಲೆ ಕಾಲೇಜಿಗೆ ರಜೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರಿಟ್ಟ ಸರ್ಕಾರ ಆ ಒಂದು ತಿಂಗಳು ಅವುಗಳ ಬಾಗಿಲನ್ನು ರಾತ್ರಿ ಹತ್ತರವರೆಗೆ ತೆರೆದಿಡಲಿ. ಫ್ಯಾನು, ದೀಪ, ಕುಡಿಯುವ ನೀರು, ಬರೆಯಲು ನೋಟ್‌ಬುಕ್ ಒದಗಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಜೆಟ್ಟಿನಲ್ಲಿ ಇದು ಲೆಕ್ಕಕ್ಕೇ ಬರದ ಖರ್ಚು. ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಘಟಕಗಳು ಸನ್ಮಾನದ ಶಾಲು ಹಾರಗಳನ್ನು ಒಂದು ವರ್ಷ ಬದಿಗಿಟ್ಟು, ಬಂದ ಕರಡುಗಳನ್ನು ಕೂತು ಓದುವ ನಾಲ್ಕು ಜನರನ್ನು ಗೊತ್ತುಮಾಡಲಿ.

ಯಾದಗಿರಿ, ಶಹಾಪುರ, ಸುರಪುರದ ಹುಡುಗ ಹುಡುಗಿಯರೇ, ಯಾರ ಅಪ್ಪಣೆಗೂ ಕಾಯಬೇಡಿ. ಬರುವ ಮೇ ಒಂದನೇ ತಾರೀಖು ನೋಟ್‌ಬುಕ್ ಹಿಡಿದು ಕೂರಿ, ನಿಮ್ಮ ಓಣಿಯವರು ಆಡುವ ಮಾತಿನಲ್ಲೇ ಬರೆಯಿರಿ.