ಬುಡ ಅಗಲ ಮಾಡಿದರೆ ತುದಿ ಬದುಕುತ್ತಾ?

ಫ್ಲೂಯಿಡ್ಸ್ ಲ್ಯಾಬಿನಲ್ಲಿ ರೀಡಿಂಗ್ ಗ್ರಾಫಿಗೆ ಕೂರದಿದ್ದರೆ ನಾವೇನು ಮಾಡ್ತೀವಿ ಅಂತ ಎಲ್ಲರಿಗೂ ಗೊತ್ತು. ಸೀನಿಯರ್ಸ್ ರೆಕಾರ್ಡ್ ತೆಗೆದು, ಸಂಖ್ಯೆಗಳನ್ನು ಸ್ವಲ್ಪ ಅಡ್ಜಸ್ಟ್ ಮಾಡಿ, ಸೈನ್ ಹಾಕಿಸಿಕೊಂಡು ಕ್ಯಾಂಟೀನಿಗೆ ಹೋಗ್ತೀವಿ. ಇದರಿಂದ ಯಾರಿಗೇನು ನಷ್ಟ ಅನ್ನೋದು ನಮ್ಮ ಸಮಜಾಯಿಷಿ. ಪ್ಲಾಸ್ಟಿಕ್ ಸರ್ಜರಿಯ ಒಂದು ಹಳೇ ತಪ್ಪಿನ ಬಗ್ಗೆ ಓದಿದ ಮೇಲೆ ಆ ಸಮಜಾಯಿಷಿ ನಮಗೆ ಅಷ್ಟಾಗಿ ರುಚಿಸುತ್ತಿಲ್ಲ.

ಅಪಘಾತದಲ್ಲೋ ಕ್ಯಾನ್ಸರ್ ಆಪರೇಷನ್ನಿನಲ್ಲೋ ಮೂಳೆ ಕಾಣುವಷ್ಟು ಹಳ್ಳ ಬಿದ್ದ ಜಾಗವನ್ನು ಮುಚ್ಚಬೇಕು ಅಂದುಕೊಳ್ಳಿ. ಪಕ್ಕದ ಚರ್ಮವನ್ನು ಅದರ ಕೆಳಗಿನ ಕೊಬ್ಬಿನ ಸಮೇತ ಮೂರು ಕಡೆ ಕತ್ತರಿಸಿ ಎಬ್ಬಿಸುತ್ತಾರೆ. ನಾಲ್ಕನೇ ಕಡೆ ಅಂಟಿಕೊಂಡೇ ಇರುತ್ತೆ. ಆಮೇಲೆ ತಿರುಗಿಸಿ ಹೊಲಿಯುತ್ತಾರೆ. ಇದು ಫ್ಲ್ಯಾಪ್. ಅಂಟಿಕೊಂಡ ಆ ಬುಡವೇ ಅದರ ಸಪ್ಲೈ ಲೈನ್. ರಕ್ತ ತುದಿ ಮುಟ್ಟದಿದ್ದರೆ ತುದಿ ಕಪ್ಪಾಗಿ ಸಾಯುತ್ತೆ, ರೋಗಿ ಮತ್ತೆ ಆಪರೇಷನ್ ಟೇಬಲ್ಲಿಗೆ.

ಹಾಗಾದ್ರೆ ಎಷ್ಟು ಉದ್ದ ತೆಗೆಯಬಹುದು? ಬಹಳ ಕಾಲ ಇದಕ್ಕಿದ್ದ ಉತ್ತರ ಒಂದು ಅನುಪಾತ. ಉದ್ದ ಬುಡದ ಅಗಲವನ್ನು ಮೀರಬಾರದು, ಮುಖದ ಮೇಲಾದರೆ ಸ್ವಲ್ಪ ಜಾಸ್ತಿ ನಡೆಯುತ್ತೆ. ಉದ್ದ ಬೇಕಾ, ಬುಡ ಅಗಲ ಮಾಡು. ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ, ನಮ್ಮನ್ನು ವೈವಾದಲ್ಲಿ ಕೇಳಿದ್ರೂ ಇದನ್ನೇ ಹೇಳ್ತಿದ್ವಿ.

1970ರಲ್ಲಿ ಬ್ರಿಟನ್ನಿನ ಸ್ಟುವರ್ಟ್ ಮಿಲ್ಟನ್ ಹಂದಿಗಳ ಮೇಲೆ ಬೇರೆ ಬೇರೆ ಅಗಲದ ಫ್ಲ್ಯಾಪ್ ಮಾಡಿ ಅಳೆದರು. ರಕ್ತ ಪೂರೈಕೆ ಒಂದೇ ತರಹ ಇದ್ದರೆ, ಬುಡ ಎಷ್ಟೇ ಅಗಲವಿದ್ದರೂ ಫ್ಲ್ಯಾಪ್ ಬದುಕಿದ್ದು ಅದೇ ಉದ್ದದವರೆಗೆ! ಅನುಪಾತ ಒಂದು ಭ್ರಮೆ ಅಂತ ಪ್ರಬಂಧದ ಹೆಸರಲ್ಲೇ ಬರೆದುಬಿಟ್ಟರು.

ಯಾಕೆ ಅನ್ನೋದು ನಮ್ಮ ಸಿಲೆಬಸ್ಸಿನಲ್ಲೇ ಇದೆ. ಬುಡ ಅಗಲ ಮಾಡಿದಾಗ ನಾವು ಸೇರಿಸುವುದು ಅದೇ ಒತ್ತಡದ ಇನ್ನಷ್ಟು ಸಣ್ಣ ಪೈಪುಗಳನ್ನು, ಅದೂ ಪ್ಯಾರಲೆಲ್ ಆಗಿ. ಪ್ರತಿಯೊಂದೂ ತನ್ನ ಮುಂದಿನ ಪಟ್ಟಿಗೆ ನೀರು ಕೊಡುತ್ತೆ, ಪ್ರತಿಯೊಂದರಲ್ಲೂ ಒತ್ತಡ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ಬಿದ್ದುಹೋಗುತ್ತೆ. ಅಗಲದಿಂದ ಒಂದೇ ಲಾಭ: ಬುಡದಲ್ಲಿ ಅಕಸ್ಮಾತ್ ದೊಡ್ಡ ರಕ್ತನಾಳವೊಂದು ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಅದೃಷ್ಟಕ್ಕೆ ಸೂತ್ರ ಅಂತ ಹೆಸರಿಟ್ಟ ಹಾಗಾಯ್ತು.

ಇದಕ್ಕೆ ವಿರುದ್ಧ ಸಾಕ್ಷಿ ಮೊದಲೇ ಇತ್ತು ಅನ್ನೋದೇ ನಮಗೆ ಕಾಡುವ ವಿಷಯ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕಾವಸ್‌ಜೀ, ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ. ಪುಣೆ ಕಡೆಯ ವೈದ್ಯನೊಬ್ಬ ಹಣೆಯ ಚರ್ಮವನ್ನು ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರ ಸಮೇತ ಅಚ್ಚುಮಾಡಿತು. ಹುಬ್ಬುಗಳ ನಡುವೆ ಸಣ್ಣ ತೊಟ್ಟು, ಮೇಲೆ ಅಗಲವಾದ ಫ್ಲ್ಯಾಪ್. ಅನುಪಾತಕ್ಕೆ ಕ್ಯಾರೇ ಅನ್ನದೆ ಅದು ಬದುಕಿತು. ಕಾರಣ, ಹುಬ್ಬಿನ ಹತ್ತಿರದಿಂದ ಹಣೆಗೆ ಏರುವ ಅಪಧಮನಿಯ ದಾರಿಯಲ್ಲೇ ಆ ತೊಟ್ಟು ಇದೆ. ಆದರೆ ಮುಖಕ್ಕೆ ರಕ್ತ ಜಾಸ್ತಿ, ಅದರ ಲೆಕ್ಕ ಬೇರೆ ಅಂದ್ರೆ ಮುಗೀತು. ಗ್ರಾಫಿಗೆ ಕೂರದ ಪಾಯಿಂಟನ್ನು ನಾವು ಎರೇಸ್ ಮಾಡೋದೂ ಹೀಗೇ ತಾನೇ?

ಮಿಲ್ಟನ್ ನಂತರ ಪ್ರಶ್ನೆಯೇ ಬದಲಾಯಿತು: ಅಗಲ ಎಷ್ಟು ಅನ್ನೋದಲ್ಲ, ಒಳಗೆ ಯಾವ ನಾಳ ಇದೆ ಅನ್ನೋದು. 1973ರಲ್ಲಿ ಮೆಕ್‌ಗ್ರೆಗರ್ ಮತ್ತು ಮಾರ್ಗನ್ ಗೊತ್ತಾದ ನಾಳವಿರುವ ಫ್ಲ್ಯಾಪನ್ನೂ ಇಲ್ಲದ್ದನ್ನೂ ಬೇರೆ ಮಾಡಿದರು. 1987ರಲ್ಲಿ ಟೇಲರ್ ಮತ್ತು ಪಾಮರ್ ಯಾವ ನಾಳ ಎಷ್ಟು ಪ್ರದೇಶ ಸಾಕುತ್ತೆ ಅಂತ ಇಡೀ ದೇಹದ ನಕ್ಷೆ ಬರೆದರು.

ಹಳೇ ನಿಯಮ ಸೇಫ್ ಆಗಿತ್ತಲ್ಲ, ಇರಲಿ ಬಿಡಿ ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಅರ್ಧ ನಿಜ. ಆದರೆ ಬೇಡದ ಅಗಲ ಅಂದರೆ ರೋಗಿಯ ಮೈಮೇಲೆ ಬೇಡದ ಇನ್ನೊಂದು ದೊಡ್ಡ ಗಾಯ. ಅಗಲ ಬುಡ ಸಲೀಸಾಗಿ ತಿರುಗೋದೂ ಇಲ್ಲ. ಇನ್ನು ಅಗಲವನ್ನೇ ನಂಬಿ ಉದ್ದ ತೆಗೆದವರ ಫ್ಲ್ಯಾಪಿನ ತುದಿ ಏನಾಗುತ್ತೆ ಅಂತ ಮೇಲೇ ಹೇಳಿದ್ದೀವಿ.

ಮುಂದಿನ ವಾರ ವೆಂಚುರಿಮೀಟರ್ ಪ್ರಯೋಗ ಇದೆ. ಬಂದ ರೀಡಿಂಗನ್ನೇ ಬರೆಯೋಣ, ತಪ್ಪಿದ್ದರೆ ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಹಾಕೋಣ ಅಂತ ನಮ್ಮ ಬ್ಯಾಚಿನಲ್ಲಿ ಮಾತಾಗಿದೆ. ಸೈನ್ ಸಿಗುತ್ತೋ ಇಲ್ವೋ ನೋಡಬೇಕು.