ಮೊನಾಕೊದಲ್ಲಿ ಗೆದ್ದವನೂ ಕಕ್ಕೇರಾದಲ್ಲಿ ಬಿದ್ದವನೂ

2025ರ ಮೇ 24ರ ಶನಿವಾರ ಯುರೋಪಿನ ಪುಟ್ಟ ರಾಷ್ಟ್ರ ಮೊನಾಕೊದ ಬೀದಿಗಳಲ್ಲಿ ಬೆಂಗಳೂರಿನ ಯುವಕ ಕುಶ್ ಮೈನಿ ಫಾರ್ಮುಲಾ 2 ವಿಭಾಗದ ಸ್ಪ್ರಿಂಟ್ ಸ್ಪರ್ಧೆಯನ್ನು ಗೆದ್ದರು. ಆ ಬೀದಿಗಳಲ್ಲಿ ಗೆದ್ದ ಮೊದಲ ಭಾರತೀಯನೆಂಬ ಕೀರ್ತಿ ಅವರದಾಯಿತು. ಫಾರ್ಮುಲಾ ಒನ್ ಎಂಬ ದೊಡ್ಡ ಅಂಗಳವನ್ನು ಪ್ರವೇಶಿಸುವ ಮುನ್ನ ಕಿರಿಯ ಚಾಲಕರು ಹತ್ತಬೇಕಾದ ಮೆಟ್ಟಿಲುಗಳಲ್ಲಿ ಇದು ಕೊನೆಯದು. ಒಬ್ಬನೇ ಕೂರುವ, ಚಕ್ರಗಳು ಹೊರಗೇ ಕಾಣುವ ಆ ಕಾರಿನ ವಿಡಿಯೋ ನಮ್ಮ ಕಕ್ಕೇರಾಕ್ಕೆ ಬರಲು ಬಹಳ ಹೊತ್ತು ಹಿಡಿಯಲಿಲ್ಲ. ಬೀಡಾ ಅಂಗಡಿಯ ಮುಂದೆ ಐದಾರು ಹುಡುಗರು ಒಂದೇ ಮೊಬೈಲಿಗೆ ತಲೆಕೊಟ್ಟು ನಿಂತಿದ್ದರು. ‘ನಮ್ಮ ಬೆಂಗ್ಳೂರಿನವ ಅಂತ ನೋಡೋ’ ಎಂದು ಒಬ್ಬ ಹೆಮ್ಮೆಪಟ್ಟ. ವಿಡಿಯೋ ಮುಗಿಯಿತು. ಸೈಲೆನ್ಸರ್ ಕಿತ್ತು ಹಾಕಿದ ಬೈಕೊಂದು ಗುಡುಗಿತು. ಮೂವರು ಅದನ್ನೇರಿದರು. ಯಾರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ, ಓಡಿಸುವವನಿಗೆ ಲೈಸೆನ್ಸ್ ಪಡೆಯುವ ವಯಸ್ಸೇ ಆಗಿರಲಿಲ್ಲ. ಬೈಕು ಸುರಪುರದ ರಸ್ತೆಯತ್ತ ಹಾರಿಹೋಯಿತು.

ಆ ಗೆಲುವಿನ ಬಗ್ಗೆ ಆ ವಾರ ನಾನು ಎರಡೇ ಬಗೆಯ ಮಾತುಗಳನ್ನು ಕೇಳಿದೆ. ಮೊದಲನೆಯದು ಚಪ್ಪಾಳೆ. ಎರಡನೆಯದು ನಮ್ಮ ಹಿರಿಯರ ಬಾಯಿಂದ ಸಲೀಸಾಗಿ ಬರುವ ತೀರ್ಪು: ಇದು ಇಸ್ರಾಫ್, ದುಂದುವೆಚ್ಚ, ಶ್ರೀಮಂತರ ಮಕ್ಕಳ ಆಟ, ನಮಗೂ ಅದಕ್ಕೂ ಏನು ಸಂಬಂಧ? ನನ್ನ ತಕರಾರು ಈ ಎರಡರ ಮೇಲೂ ಇದೆ. ಚಪ್ಪಾಳೆ ತಟ್ಟಿದವರು ಆ ಬೀದಿಯಲ್ಲಿ ವೇಗವನ್ನು ಮಾತ್ರ ಕಂಡರು. ತೀರ್ಪು ಕೊಟ್ಟವರು ಹಣವನ್ನು ಮಾತ್ರ ಕಂಡರು. ಅಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆಯೇ ಇತ್ತು.

ಒಂದು ವಾರಾಂತ್ಯದ ಬೀದಿ ಓಟವೆಂದರೆ ಏನು? ದಿನನಿತ್ಯ ಜನ ಓಡಾಡುವ ರಸ್ತೆಯನ್ನು ಮುಚ್ಚಲಾಗುತ್ತದೆ. ಎರಡೂ ಬದಿಗೆ ಉಕ್ಕಿನ ತಡೆಗೋಡೆ ಎದ್ದು ನಿಲ್ಲುತ್ತದೆ, ಅದರ ಮೇಲೆ ಬಲೆ, ತಿರುವುಗಳಲ್ಲಿ ಪೆಟ್ಟನ್ನು ಹೀರಿಕೊಳ್ಳುವ ತಡೆಗಳು. ಹೆಜ್ಜೆಹೆಜ್ಜೆಗೂ ಬಾವುಟ ಹಿಡಿದ ಮಾರ್ಷಲ್‌ಗಳಿರುತ್ತಾರೆ. ಹಳದಿ ಬಾವುಟ ಏಳುತ್ತಲೇ ವೇಗ ಇಳಿಸಬೇಕು, ಮುಂದಿನವನನ್ನು ಹಿಂದಿಕ್ಕುವಂತಿಲ್ಲ. ಮೀರಿದವನಿಗೆ ಶಿಕ್ಷೆ ಖಚಿತ. ವೈದ್ಯರನ್ನು ಕೂರಿಸಿಕೊಂಡ ಕಾರು ಎಂಜಿನ್ ಚಾಲೂ ಇಟ್ಟುಕೊಂಡೇ ಕಾಯುತ್ತದೆ. ಚಾಲಕನ ತಲೆಯ ಮೇಲೆ ‘ಹ್ಯಾಲೊ’ ಎಂಬ ಲೋಹದ ಕಮಾನು, ಕುತ್ತಿಗೆಗೆ ಆಧಾರ, ಮೈಗೆ ಬೆಂಕಿ ತಡೆಯುವ ಉಡುಪು. ಇನ್ನೊಂದು ಸಂಗತಿಯನ್ನು ನಮ್ಮ ಹುಡುಗರಿಗೆ ಯಾರೂ ಹೇಳಿರಲಿಕ್ಕಿಲ್ಲ: ಮೊನಾಕೊದಲ್ಲಿ ಫಾರ್ಮುಲಾ ಒನ್ ಕಾರುಗಳಿಗೇ ಪಿಟ್ ಓಣಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಮಿತಿಯಿದೆ. ಯಾಕೆ? ಆ ಓಣಿಯಲ್ಲಿ ಮನುಷ್ಯರು ಕಾಲ ಮೇಲೆ ನಿಂತಿರುತ್ತಾರೆ, ಅದಕ್ಕೆ. ಮನುಷ್ಯರು ನಿಂತಿರುವ ಕಡೆ ಜಗತ್ತಿನ ಅತಿ ವೇಗದ ಚಾಲಕನೂ 60 ದಾಟುವಂತಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನ ಮುಂದೆ ಸಂಜೆ ಆರರ ಹೊತ್ತಿಗೆ ಬೈಕುಗಳು ಯಾವ ವೇಗದಲ್ಲಿ ಹೋಗುತ್ತವೆ ಎಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ.

ಮೈನಿ ಗೆದ್ದ ಮರುದಿನ, ಭಾನುವಾರದ ಮುಖ್ಯ ಸ್ಪರ್ಧೆಯಲ್ಲಿ ಮೊದಲ ತಿರುವಿನಲ್ಲೇ ಹಲವಾರು ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಕೆಂಪು ಬಾವುಟ ಎದ್ದಿತು, ಓಟ ನಿಂತಿತು, ಚಾಲಕರು ತಮ್ಮ ಕಾಲ ಮೇಲೆಯೇ ನಡೆದು ಬಂದರು. 2021ರ ಡಿಸೆಂಬರಿನಲ್ಲಿ ಜಿದ್ದಾದ ಬೀದಿಗಳಲ್ಲಿ ನಡೆದ ಇದೇ ಫಾರ್ಮುಲಾ 2 ಸ್ಪರ್ಧೆ ಇನ್ನೂ ಭೀಕರವಾಗಿತ್ತು. ಹೌದು, ನಮ್ಮ ಹಾಜಿಗಳು ವಿಮಾನ ಇಳಿಯುವ ಅದೇ ಜಿದ್ದಾ. ಓಟ ಆರಂಭವಾಗುವಾಗ ಥಿಯೋ ಪೂರ್ಶೇರ್ ಎಂಬವರ ಕಾರು ನಿಂತಲ್ಲೇ ನಿಂತಿತು. ಹಿಂದಿನಿಂದ ಬಂದ ಎಂಜೊ ಫಿಟ್ಟಿಪಾಲ್ಡಿಯ ಕಾರು ಪೂರ್ತಿ ವೇಗದಲ್ಲಿ ಅದಕ್ಕೆ ಬಡಿಯಿತು. ಫಿಟ್ಟಿಪಾಲ್ಡಿಗೆ ಹಿಮ್ಮಡಿಯ ಎಲುಬು ಮುರಿಯಿತು, ಜೀವ ಉಳಿಯಿತು. ಆತ ಮತ್ತೆ ಕಾರು ಓಡಿಸಿದ. 2024ರಲ್ಲಿ ಅದೇ ಜಿದ್ದಾದಲ್ಲಿ ಗೆದ್ದ.

ವೇಗ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ವ್ಯವಸ್ಥೆ ಎಷ್ಟೇ ಇದ್ದರೂ ಮೃತ್ಯು ಒಮ್ಮೊಮ್ಮೆ ಗೋಡೆ ದಾಟಿ ಬರುತ್ತದೆ. 2023ರ ಆಗಸ್ಟಿನಲ್ಲಿ ಚೆನ್ನೈ ಸಮೀಪದ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಬೈಕ್ ಸ್ಪರ್ಧೆಯಲ್ಲಿ, ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬಿದ್ದು ತೀರಿಕೊಂಡ. ಹದಿಮೂರು ವರ್ಷದ ಮಗುವನ್ನು ಆ ವೇಗಕ್ಕೆ ಕೂರಿಸಬೇಕೇ ಎಂಬ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿದೆ: ಕೂರಿಸಬಾರದು. ಆದರೆ ಆ ಸಾವಿನ ನಂತರ ವಾರಾಂತ್ಯದ ಉಳಿದ ಸ್ಪರ್ಧೆಗಳು ರದ್ದಾದವು. ನಮ್ಮ ರಸ್ತೆಯಲ್ಲಿ ಒಬ್ಬ ಹುಡುಗ ಸತ್ತರೆ ಏನು ರದ್ದಾಗುತ್ತದೆ?

ಇನ್ನು ನಮ್ಮ ಸರಕಾರಗಳ ಕಡೆ ನೋಡೋಣ. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಚೆನ್ನೈಯ ಐಲ್ಯಾಂಡ್ ಮೈದಾನದ ಸುತ್ತ ಮೂರೂವರೆ ಕಿಲೋಮೀಟರ್ ಬೀದಿಯನ್ನು ಟ್ರ್ಯಾಕ್ ಮಾಡಿ, ಹೊನಲು ಬೆಳಕಿನಲ್ಲಿ ಫಾರ್ಮುಲಾ 4 ಓಟ ನಡೆಸಲಾಯಿತು. ಹದಿನೈದು ತುಂಬಿದ ಹುಡುಗರೂ ಓಡಿಸಬಹುದಾದ, ಮೆಟ್ಟಿಲುಗಳಲ್ಲಿ ಮೊದಲನೆಯ ವಿಭಾಗವಿದು. ಬೆಂಗಳೂರಿನ ಹೆಸರು ಹೊತ್ತ ತಂಡವೂ ಅಲ್ಲಿತ್ತು. 2023ರ ಡಿಸೆಂಬರಿನಲ್ಲೇ ನಡೆಯಬೇಕಿದ್ದದ್ದು ಮಿಚಾಂಗ್ ಚಂಡಮಾರುತದ ನೆರೆಯಿಂದ ಮುಂದೆ ಹೋಗಿತ್ತು. ರಾಜ್ಯ ಖರ್ಚು ಮಾಡಿದ 42 ಕೋಟಿ ರೂಪಾಯಿಯನ್ನು ಖಾಸಗಿ ಸಂಘಟಕರು ಹಿಂತಿರುಗಿಸಬೇಕೆಂದು 2024ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಹಣದ ಲೆಕ್ಕ ನ್ಯಾಯಾಲಯಗಳಿಗಿರಲಿ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಂತಾರಾಷ್ಟ್ರೀಯ ಮೋಟಾರ್ ಒಕ್ಕೂಟದ ಸುರಕ್ಷತಾ ಪ್ರಮಾಣಪತ್ರ ಕೈಗೆ ಬರುವುದು ತಡವಾದದ್ದರಿಂದ ಶನಿವಾರದ ಕಾರ್ಯಕ್ರಮ ಕಾಯಬೇಕಾಯಿತು. ಮಂತ್ರಿಗಳು ಬಂದಿದ್ದರು, ಜನ ಸೇರಿದ್ದರು, ದೀಪ ಹತ್ತಿದ್ದವು. ಆದರೂ ಒಂದು ಕಾಗದ ಬರುವವರೆಗೆ ಒಂದು ಕಾರೂ ಅಲುಗಾಡಲಿಲ್ಲ. ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿದಾಗಲೂ ಓಡುವವರನ್ನು ನಿಲ್ಲಿಸಿದರು. ದೇಶವೆಲ್ಲ ಆ ವಿಡಿಯೋ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ. ಒಂದು ನಾಯಿಗಾಗಿ ರಸ್ತೆ ನಿಂತದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ನಮ್ಮ ಹಿರಿಯರು ಇಂದಿಗೂ ರಾಜಧಾನಿ ಎಂಬಂತೆ ನೆನೆಯುವ ಹೈದರಾಬಾದಿನದೂ ಇಂಥದೇ ಕಥೆ. 2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ನಡೆಯಿತು. ಅಭ್ಯಾಸದ ವೇಳೆಗೆ ಊರಿನ ವಾಹನಗಳೇ ಟ್ರ್ಯಾಕಿನೊಳಗೆ ಬಂದುಬಿಟ್ಟಿದ್ದವು, ಅವನ್ನು ಹೊರಗೆ ಕಳಿಸುವತನಕ ಓಟದ ಕಾರುಗಳು ಕಾದವು. 2024ರ ಓಟ ರದ್ದಾಯಿತು. ಆಮೇಲೆ ಉಳಿದದ್ದು ಹಣ ಪಾವತಿಯ ಮೇಲಿನ ಪೊಲೀಸ್ ಕೇಸು ಮತ್ತು ರಾಜಕೀಯ ಜಗಳ.

ಈಗ ಕಾನೂನಿನ ಪುಸ್ತಕ ತೆರೆಯಿರಿ. ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಹೇಳುವುದಿಷ್ಟು: ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟದ ಸ್ಪರ್ಧೆ ನಡೆಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ದಂಡ. ಅಂದರೆ ಚೆನ್ನೈಯಲ್ಲಿ ನಡೆದದ್ದು ಕ್ರೀಡೆ, ಸುರಪುರದ ರಸ್ತೆಯಲ್ಲಿ ನಡೆಯುವುದು ಅಪರಾಧ, ಮತ್ತು ಎರಡರ ನಡುವೆ ಇರುವುದು ಸರಕಾರದ ಒಂದು ಸಹಿ. ಹುಡುಗರು ಇದನ್ನು ಕೇಳಿದರೆ ಕೆರಳಿಯಾರು. ಆದರೆ ಆ ಸಹಿ ಬರಿಯ ಶಾಯಿಯಲ್ಲ. ಅದರ ಬೆನ್ನಿಗೆ ತಡೆಗೋಡೆ, ವೈದ್ಯ, ಬಾವುಟ, ಪ್ರಮಾಣಪತ್ರ ಇರಬೇಕು. ಸರಕಾರದ ಮೇಲೆ ನನ್ನ ಆರೋಪವಿರುವುದು ಇಲ್ಲಿಯೇ: ರಸ್ತೆಯನ್ನು ಜೀವ ಉಳಿಸುವಂತೆ ಕಟ್ಟುವುದು ಹೇಗೆಂದು ನಿಮಗೆ ಗೊತ್ತಿದೆ. ಎರಡು ದಿನದ ಮಟ್ಟಿಗೆ ಕಟ್ಟಿ ತೋರಿಸಿದ್ದೀರಿ. ಸೋಮವಾರ ಅದನ್ನೆಲ್ಲ ಲಾರಿಗೆ ತುಂಬಿ ಒಯ್ದದ್ದೇಕೆ? 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಜನ ಬೈಕು, ಸ್ಕೂಟರುಗಳ ಮೇಲಿದ್ದವರು.

ನಮ್ಮ ರಸ್ತೆಯ ವಿವರವನ್ನೂ ಕೇಳಿ. ಕೃಷ್ಣೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಬಂತು, ಭತ್ತದ ಜೊತೆ ಟ್ರ್ಯಾಕ್ಟರು ಬಂತು. ಟ್ರೇಲರಿಗೆ ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಬಣ್ಣ ಅಳಿಸಿದ ಹಂಪು ರಾತ್ರಿ ಕಾಣುವುದಿಲ್ಲ. ಎಮ್ಮೆಗಳಿಗೆ ಹಳದಿ ಬಾವುಟದ ಅರ್ಥ ಗೊತ್ತಿಲ್ಲ. ತಲೆಗೆ ದೊಡ್ಡ ಪೆಟ್ಟು ಬಿದ್ದರೆ ನೂರು ಕಿಲೋಮೀಟರಿಗೂ ಆಚೆ ಇರುವ ಕಲಬುರಗಿಯ ದಾರಿ ಹಿಡಿಯಬೇಕು. ಕೆಲವು ವರ್ಷಗಳ ಹಿಂದೆ, ಈದ್‌ನ ಮರುದಿನ ಸಂಜೆ, ನಮ್ಮ ಓಣಿಯ ಹುಡುಗನೊಬ್ಬ ಗೆಳೆಯನೊಡನೆ ಪಂದ್ಯ ಕಟ್ಟಿ ಬೈಕು ಬಿಟ್ಟ. ಹದಿನೇಳು ವರ್ಷ. ಹುಲ್ಲು ಹೇರಿದ ಟ್ರೇಲರು ಕತ್ತಲಲ್ಲಿ ನಿಂತಿತ್ತು. ಶಹಾಪುರ ದಾಟುವ ಮೊದಲೇ ಅವನ ಉಸಿರು ನಿಂತಿತು. ಕಬ್ರಸ್ತಾನದಿಂದ ಹಿಂತಿರುಗುವಾಗ ಅವನ ತಂದೆ ಯಾರ ಜೊತೆಯೂ ಮಾತಾಡಲಿಲ್ಲ. ಆ ಬೈಕಿನ ಕಂತು ಇನ್ನೂ ಹದಿನಾಲ್ಕು ಬಾಕಿಯಿತ್ತು.

ಇಲ್ಲಿಗೆ ಬಂದಾಗ ಸರಕಾರವನ್ನು ಬಿಟ್ಟು ನಾವು ನಮ್ಮ ಕಡೆಗೇ ತಿರುಗಬೇಕಾಗುತ್ತದೆ. ಆ ಬೈಕನ್ನು ಕೊಡಿಸಿದವರು ಯಾರು? ಅದೇ ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತನು ವಾಹನ ಓಡಿಸಿ ಅಪರಾಧ ಎಸಗಿದರೆ ತಪ್ಪಿತಸ್ಥರು ಪಾಲಕರು ಅಥವಾ ವಾಹನದ ಮಾಲೀಕರು: ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಎಷ್ಟು ತಂದೆಯರಿಗೆ ಇದು ಗೊತ್ತಿದೆ? ಗೊತ್ತಿದ್ದವರೂ ‘ಹುಡುಗ್ರು ಮೌಲಾನಾ, ಈ ವಯಸ್ಸಿನ್ಯಾಗ ಆಡ್ಲಾರದ ಯಾವಾಗ ಆಡ್ತಾವ್ರಿ?’ ಎಂದು ನಕ್ಕು ಬಿಡುತ್ತಾರೆ. ಮಗಳ ಮದುವೆಗೆ ಬೈಕು ಕೊಡಲು ಸಾಲ ಮಾಡಿದ ತಂದೆಯನ್ನೂ ನಾವು ಬಲ್ಲೆವು. ಆ ಬೈಕಿನ ಜೊತೆ ಒಂದು ಹೆಲ್ಮೆಟ್ ಕೇಳಿದ ಅಳಿಯನನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಓಟವೇ ನಿಷಿದ್ಧ ಎನ್ನುವವರಿಗೆ ಮದ್ರಸಾದಲ್ಲಿ ಓದಿದವನಾಗಿ ಒಂದು ಮಾತು. ಪ್ರವಾದಿಯವರು(ಸ) ಮದೀನಾದಲ್ಲಿ ಕುದುರೆಗಳ ಓಟ ಏರ್ಪಡಿಸಿದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗಿನ ದೀರ್ಘ ದೂರ. ಪಳಗಿಸದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗಿನ ಕಿರಿದಾದ ದೂರ. ಯುವಕ ಅಬ್ದುಲ್ಲಾ ಇಬ್ನ್ ಉಮರ್(ರ) ಸ್ವತಃ ಓಡಿಸಿದವರಲ್ಲಿದ್ದರು. ಆ ವರದಿಯನ್ನು ನಾವು ಪಾಠದಲ್ಲಿ ಓದಿ ಮುಂದೆ ಹೋದೆವು. ಆದರೆ ಗಮನಿಸಿ: ಎಲ್ಲಿಂದ ಎಲ್ಲಿಗೆ ಎಂಬ ಗೆರೆಯಿದೆ, ಯಾರ ಸಾಮರ್ಥ್ಯ ಎಷ್ಟು ಎಂಬ ವಿಂಗಡಣೆಯಿದೆ. ಫಾರ್ಮುಲಾ 4, ಫಾರ್ಮುಲಾ 2 ಎಂಬ ಮೆಟ್ಟಿಲುಗಳ ಹಿಂದೆ ಇರುವ ವಿವೇಕವೂ ಅದೇ. ‘ನಮಗೂ ಅದಕ್ಕೂ ಏನು ಸಂಬಂಧ’ ಎಂಬ ಮಾತೂ ಪೂರ್ತಿ ನಿಜವಲ್ಲ. ಚೆನ್ನೈಯ ಅಕ್ಬರ್ ಇಬ್ರಾಹಿಂ ಈ ದೇಶದ ಮೋಟಾರ್ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಆದರೂ ಕಕ್ಕೇರಾದ ಹುಡುಗ ಫಾರ್ಮುಲಾ ಕಾರು ಏರುತ್ತಾನೆಂದು ನಾನು ಕನಸು ಮಾರಲಾರೆ. ಕುಶ್ ಮೈನಿಯ ಬೆನ್ನಿಗೆ ಉದ್ಯಮಿ ಮನೆತನವಿದೆ, ಸ್ವತಃ ರೇಸ್ ಓಡಿಸಿದ ತಂದೆಯಿದ್ದಾರೆ, 2018ರಲ್ಲೇ ಫಾರ್ಮುಲಾ 2 ಓಡಿಸಿದ ಅಣ್ಣ ಅರ್ಜುನ್ ಇದ್ದಾರೆ. ಆತನ ಕಾರು ನಮಗೆ ಸಿಗದು. ಆತನ ಹೆಲ್ಮೆಟ್ಟಿನ ಶಿಸ್ತು ಸಿಗಬಹುದು, ಅದಕ್ಕೆ ಕೋಟಿಗಳು ಬೇಕಿಲ್ಲ.

ಕಳೆದ ತಿಂಗಳು ನಮ್ಮ ಮೊಹಲ್ಲಾದ ಸಭೆಯಲ್ಲಿ ಮೂರು ಬೇಡಿಕೆ ಇಟ್ಟೆ. ಟ್ರೇಲರುಗಳ ಹಿಂದೆ ಹೊಳೆಯುವ ಪಟ್ಟಿ ಅಂಟಿಸಲು ಯುವಕರ ಒಂದು ತಂಡ ಕಟ್ಟುವುದು. ಹಂಪುಗಳಿಗೆ ಬಿಳಿ ಬಣ್ಣ, ಈದ್‌ನ ಮೂರು ಸಂಜೆ ರಸ್ತೆಯಲ್ಲಿ ಬ್ಯಾರಿಕೇಡು ಮತ್ತು ಆಂಬುಲೆನ್ಸ್ ಕೋರಿ ಅರ್ಜಿ ಕೊಡುವುದು. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವುದಿಲ್ಲವೆಂದು ತಂದೆಯರೇ ಬರೆದು ಸಹಿ ಹಾಕುವುದು. ಮೊದಲ ಎರಡಕ್ಕೆ ಎಲ್ಲರೂ ತಲೆಯಾಡಿಸಿದರು, ಪಟ್ಟಿಗೆ ಹಣ ಕೂಡ ಅಲ್ಲಿಯೇ ಕೂಡಿತು. ಮೂರನೆಯ ಕಾಗದ ಕೈಯಿಂದ ಕೈಗೆ ಹೋಗಿ ನನ್ನ ಬಳಿಗೇ ಹಿಂತಿರುಗಿತು. ಅದರಲ್ಲಿ ಇದ್ದದ್ದು ಒಂದೇ ಸಹಿ, ಹದಿನಾಲ್ಕು ಕಂತು ಉಳಿಸಿಕೊಂಡಿದ್ದ ಆ ತಂದೆಯದು. ಕಾಗದ ನನ್ನ ಬಳಿಯೇ ಇದೆ. ಮುಂದಿನ ಜುಮಾದ ನಂತರ ಮತ್ತೆ ಹಿಡಿದು ನಿಲ್ಲುವವನಿದ್ದೇನೆ.